ಬಾವಿ ಕಾಯುವವನ ಪಾತ್ರ

ಚೆಲುವರಾಜು ನಮ್ಮ ಬಡಾವಣೆಗೆ ನೀರು ಬಿಡುವವರು. ದಟ್ಟಗಳ್ಳಿಯ ಈ ಮೂಲೆಯಲ್ಲಿ ನಿವಾಸಿಗಳ ಸಂಘದ್ದೇ ಕೊಳವೆಬಾವಿ, ಸಂಘದ್ದೇ ಟ್ಯಾಂಕು. ದಿನ ಬಿಟ್ಟು ದಿನ ಅವರು ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ಬಂದು, ರಸ್ತೆಯ ಗುಂಡಿಯೊಳಗಿರುವ ವಾಲ್ವು ತಿರುಗಿಸುತ್ತಾರೆ. ನೀರು ತಡವಾದರೆ ಜನ ಬೈಯುತ್ತಿದ್ದರು. ಅವರು ತಪ್ಪಾಯ್ತು ಎನ್ನುತ್ತಿದ್ದರು. ಕರೆಂಟು ಹೋದದ್ದಕ್ಕೂ ಅವರೇ ತಪ್ಪಾಯ್ತು ಎನ್ನುತ್ತಿದ್ದರು.

ಹೋದ ವರ್ಷ ರಾಜ್ಯೋತ್ಸವಕ್ಕೆ ಸಂಘದವರು ನಾಟಕ ಆಡಿದರು. ಬರೆದು ಆಡಿಸಿದವರು ಮಹೇಶ್ ಮೇಷ್ಟ್ರು. ಹೆಸರಿಲ್ಲದ ಎರಡು ದೇಶಗಳ ಯುದ್ಧದ ಕಥೆ. ಗೆದ್ದವರು ಸೋತ ಊರಿನವರನ್ನು ಒಂದು ಶಿಬಿರದಲ್ಲಿ ಕೂಡಿಹಾಕಿರುತ್ತಾರೆ. ಅಲ್ಲಿರುವುದು ಒಂದೇ ಬಾವಿ. ಅದನ್ನು ಕಾಯುವವನು ಗೆದ್ದ ಕಡೆಯವನು, ಯುದ್ಧಕ್ಕೆ ಮುಂಚೆ ಮಡಕೆ ಮಾಡಿಕೊಂಡಿದ್ದವನು. ಈಗ ಯಾರಿಗೆ ನೀರು, ಯಾರಿಗಿಲ್ಲ ಎಂದು ಹೇಳುವವನು ಅವನೇ. ಅಷ್ಟು ಕೆಟ್ಟವನ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ಚೆಲುವರಾಜು ಆ ಹೊತ್ತಿಗೆ ಕುರ್ಚಿ ಜೋಡಿಸಲು ಬಂದಿದ್ದರು. ಬೇಡ ಎನ್ನಲು ಬಾರದೆ ಒಪ್ಪಿಕೊಂಡರು.

ತಾಲೀಮಿನಲ್ಲಿ ಕೈದಿಗಳು "ನೀರು" ಎಂದ ಕೂಡಲೇ ಇವರ ಕೈ ಬಿಂದಿಗೆಯ ಕಡೆ ಹೋಗುತ್ತಿತ್ತು.

"ಕೊಡಬಾರದು ಕಣ್ರೀ!" ಎಂದರು ಮೇಷ್ಟ್ರು. "ನಿಮಗೆ ಅವರನ್ನ ಕಂಡ್ರೆ ಆಗಲ್ಲ."

"ಯಾಕೆ ಸಾ? ಅವ್ರೇನ್ ಮಾಡವ್ರೆ?"

"ಏನೂ ಮಾಡಿಲ್ಲ. ಯುದ್ಧ."

"ಏನೂ ಮಾಡ್ದೋರ್ ಮೇಲೆ ಎಂಗೆ ಸಾ ಸಿಟ್ಟು ಬರ್ಸ್ಕೊಳ್ಳೋದು?"

ಮೇಷ್ಟ್ರು ಯೋಚಿಸಿ, ಆಗದವರು ಯಾರನ್ನಾದರೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ ಎಂದರು.

ಚೆಲುವರಾಜುಗೆ ಆಗದವರು ಯಾರೂ ಇರಲಿಲ್ಲ. ಹೆಂಡತಿ ಮಂಗಳಮ್ಮನನ್ನು ಕೇಳಿದರು.

"ಅದ್ಕ್ಯಾಕೆ ಊರೆಲ್ಲ ಹುಡುಕ್ತೀರಿ? ನಮ್ಮಣ್ಣ ಇದ್ನಲ್ಲ" ಎಂದಳು ಮಂಗಳಮ್ಮ.

ಆ ಭಾವ ತೀರಿಕೊಂಡಿದ್ದರು. ಸತ್ತವರ ಮೇಲೆ ಸಿಟ್ಟು ನಿಲ್ಲಲಿಲ್ಲ.

ಕೊನೆಗೆ ಪ್ರೇಮಲೀಲಾ ಅವರನ್ನು ಆರಿಸಿಕೊಂಡರು. ಏರಿನ ತುದಿಯ ಮನೆಯವರು. ಒಮ್ಮೆ ಸಂಘದ ಸಭೆಯಲ್ಲಿ, "ಈ ಮನುಷ್ಯನಿಗೆ ವಾಲ್ವು ತಿರುಗಿಸೋಕೂ ಬರಲ್ಲ" ಎಂದು ಎಲ್ಲರ ಮುಂದೆ ಹೇಳಿದ್ದರು. ಆ ಮಾತನ್ನು ಚೆಲುವರಾಜು ದಿನಾ ಹಲ್ಲುಜ್ಜುವಾಗ ನೆನೆಸಿಕೊಳ್ಳತೊಡಗಿದರು. ಪ್ರಯೋಜನವಾಯಿತು. ವಾರದೊಳಗೆ ತಾಲೀಮಿನಲ್ಲಿ ಕೈದಿಗಳು ನಿಜವಾಗಿಯೂ ಹಿಂದೆ ಸರಿದರು. ಮೇಷ್ಟ್ರು ಬೆನ್ನು ತಟ್ಟಿದರು.

ಮರುದಿನ ಚೆಲುವರಾಜು ಪ್ರೇಮಲೀಲಾ ಅವರ ರಸ್ತೆಯ ವಾಲ್ವನ್ನು ಎರಡು ಸುತ್ತು ಕಡಿಮೆ ತಿರುಗಿಸಿದರು. ತಗ್ಗಿನ ಮನೆಗಳಿಗೆ ಗೊತ್ತಾಗಲಿಲ್ಲ. ಏರಿನ ತುದಿಗೆ ನೀರು ಹತ್ತಲಿಲ್ಲ.

ಆ ಮನೆಯಲ್ಲಿ ಪ್ರೇಮಲೀಲಾ ಅವರ ಮಗಳು ಸುಷ್ಮಾ ಬಾಣಂತನಕ್ಕೆ ಬಂದಿದ್ದಳು. ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು. ಮಗುವಿನ ಬಟ್ಟೆಗೆ ಬೇರೆ. ಇದು ಚೆಲುವರಾಜುಗೆ ಗೊತ್ತಿತ್ತು. ಮಗುವಿಗೆ ಹೆಸರಿಟ್ಟ ದಿನ ಅವರೂ ಪಾಯಸ ಉಂಡು ಬಂದಿದ್ದರು.

"ಏನಪ್ಪಾ, ನಿದ್ದೆಗಣ್ಣಲ್ಲಿ ತಿರುಗಿಸಿದ್ಯಾ?" ಎಂದು ಪ್ರೇಮಲೀಲಾ ಬೈದರು. ಮುಂದಿನ ಸರದಿಗೂ ನೀರು ಬರಲಿಲ್ಲ. ತಗ್ಗಿನ ಮನೆಯಿಂದ ಕೊಡದಲ್ಲಿ ಹೊತ್ತರು. ಅದರ ಮುಂದಿನ ಸರದಿಗೆ ಗೇಟಿನ ಬಳಿ ಕಾದು ನಿಂತು, "ಚೆಲುವರಾಜಣ್ಣ, ಒಂಚೂರು ಕಾಫಿ ಕುಡ್ಕೊಂಡು ಹೋಗಿ" ಎಂದರು.

ಇಷ್ಟು ವರ್ಷದಲ್ಲಿ ಅವರು ಅಣ್ಣ ಎಂದದ್ದು ಅದೇ ಮೊದಲು. ತಲೆಗೆ ಬಟ್ಟೆ ಕಟ್ಟಿಕೊಂಡ ಸುಷ್ಮಾ ಕಿಟಕಿಯೊಳಗಿನಿಂದ ನೋಡುತ್ತಿದ್ದಳು. ಕಾಫಿ ಚೆನ್ನಾಗಿತ್ತು. ಚೆಲುವರಾಜು ಕುಡಿದು ಬಂದರು. ವಾಲ್ವು ಎರಡು ಸುತ್ತು ಕಡಿಮೆಯೇ ಇತ್ತು.

ನಾಟಕದ ಸಂಜೆ ಕೈದಿಯೊಬ್ಬ ಕಾಲು ಹಿಡಿದಾಗ ಚೆಲುವರಾಜು ಬಿಂದಿಗೆ ಎತ್ತಿ, ನೀರನ್ನು ನಿಧಾನವಾಗಿ ನೆಲಕ್ಕೆ ಸುರಿದರು. ಮೊದಲು ಚಪ್ಪಾಳೆ ತಟ್ಟಿದವರು ಮುಂದಿನ ಸಾಲಿನಲ್ಲಿದ್ದ ಪ್ರೇಮಲೀಲಾ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದರು. ತಾನು ತಟ್ಟುತ್ತಿರುವುದನ್ನು ಚೆಲುವರಾಜು ನೋಡಿದರೋ ಇಲ್ಲವೋ ಎಂದು ಅವರ ಮುಖವನ್ನೇ ನೋಡುತ್ತಿದ್ದರು.

ಚೆಲುವರಾಜು ನೋಡಿದರು. ಮುಂದಿನ ಮಾತು ಮರೆತುಹೋಯಿತು. ಮೇಷ್ಟ್ರು ಪರದೆಯ ಹಿಂದಿನಿಂದ ಹೇಳಿಕೊಟ್ಟರೂ ಬಾಯಿಗೆ ಬರಲಿಲ್ಲ. ಜನ ಅದನ್ನೂ ಅಭಿನಯ ಎಂದುಕೊಂಡರು.

ಬೆಳಿಗ್ಗೆ ವಾಲ್ವನ್ನು ಪೂರ್ತಿ ತೆಗೆದು, ಏರು ಹತ್ತಿ ಹೋಗಿ ಬಾಗಿಲು ತಟ್ಟಿದರು.

"ಅಮ್ಮಾವ್ರೇ, ನಾನೇ ಬೇಕೂಂತ ಕಮ್ಮಿ ಬುಟ್ಟಿದ್ದೆ. ಬಾಣಂತಿ ಮನೆ ಅಂತ ಗೊತ್ತಿದ್ದೂ ಬುಟ್ಟಿದ್ದೆ. ಬೈದ್ಬುಡಿ."

ಒಳಗೆ ತೊಟ್ಟಿ ತುಂಬುವ ಸದ್ದು ಬರುತ್ತಿತ್ತು. ಪ್ರೇಮಲೀಲಾ ಅದನ್ನೇ ಕೇಳುತ್ತಿದ್ದರು.

"ಅಯ್ಯೋ, ಇರ್ಲಿ ಬಿಡಿ ಅಣ್ಣ. ನಿಮಗೂ ಕೆಲಸ ಜಾಸ್ತಿ ಇರುತ್ತೆ."

"ಕೆಲ್ಸ ಏನಿರ್ಲಿಲ್ಲ ಕಣಮ್ಮ. ಬೇಕೂಂತ್ಲೇ ಮಾಡಿದ್ದು."

"ಕೂತ್ಕೊಳ್ಳಿ, ಕಾಫಿ ತರ್ತೀನಿ."

"ಕಾಫಿ ಬ್ಯಾಡ್ರಮ್ಮ."

ಪ್ರೇಮಲೀಲಾ ಅವರ ಮುಖ ಸಪ್ಪಗಾಯಿತು. "ಯಾಕಣ್ಣ? ನಮ್ಮ ಮೇಲೆ ಇನ್ನೂ ಬೇಜಾರಾ?"

ಚೆಲುವರಾಜು ಕೂತು ಕಾಫಿ ಕುಡಿದರು. ಈಗಲೂ ದಿನ ಬಿಟ್ಟು ದಿನ ಕುಡಿಯುತ್ತಾರೆ. ಏರಿನ ಮನೆಗೆ ನೀರು ಸರಿಯಾಗಿ ಹತ್ತುತ್ತಿದೆ.