ಅವಳು ಹೊತ್ತು ತಂದ ನೀರು

ಔರಾದಿನಲ್ಲಿ ನಮ್ಮಪ್ಪನ ದವಾಖಾನೆ ಎಂದರೆ ಕಾಯುವ ಜಾಗ ಎಂದೇ ಹೆಸರಾಗಿತ್ತು. ಅದು ಗಾಜಿನ ಸಿರಿಂಜಿನ ಕಾಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಚುಚ್ಚುವ ಮೊದಲು ಸ್ಟೀಲಿನ ಡಬ್ಬಿಯಲ್ಲಿಟ್ಟು, ಸೀಮೆಎಣ್ಣೆ ಸ್ಟೋವಿನ ಮೇಲೆ ಅರ್ಧ ಗಂಟೆ ಕುದಿಸಲೇಬೇಕು. ತಹಸೀಲ್ದಾರರೇ ಬಂದು ಕುಳಿತರೂ ಆ ಅರ್ಧ ಗಂಟೆ ಕಡಿಮೆಯಾಗುತ್ತಿರಲಿಲ್ಲ. ಬೀದರಿನಿಂದ ಜ್ವರ ಹೊತ್ತು ಬಂದ ಸ್ವಂತ ಬೀಗರನ್ನೂ ಒಮ್ಮೆ ಬೆಂಚಿನ ಮೇಲೆ ಕೂಡಿಸಿ ಕಾಯಿಸಿದ್ದರು. ಬೀಗರು ಮುನಿಸಿಕೊಂಡು ಊಟ ಮಾಡದೆ ಹೋದರು, ಅಪ್ಪ ಮಾತ್ರ ಹೊಟ್ಟೆತುಂಬ ಉಂಡರು. ಒಮ್ಮೆ ಕುದಿಸಿದ ನೀರನ್ನು ಮತ್ತೆ ಬಳಸುತ್ತಿರಲಿಲ್ಲ. ಹಿತ್ತಲಿಗೆ ಚೆಲ್ಲಿ ಹೊಸ ನೀರು ಹಾಕಬೇಕು.

ಹೈದರಾಬಾದಿನಲ್ಲಿ ಕಲಿತು ಬಂದ ಈ ಶಿಸ್ತಿನ ಬಗ್ಗೆ ಅವರಿಗೆ ಬಲು ಹೆಮ್ಮೆ. ಆದರೆ ಯಾಕೆ ಎಂದು ಯಾರಾದರೂ ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ಹೇಳುವವನು ಡಾಕ್ಟರ್, ಕೇಳುವವನು ರೋಗಿ, ನಡುವೆ ವಿವರಣೆಯ ಗೊಡವೆ ಇರಬಾರದು ಎಂಬುದು ಅವರ ತಿಳುವಳಿಕೆ. ಮನೆಯಲ್ಲೂ ಹಾಗೆಯೇ. ನನ್ನ ಮೂಗಿನ ತುದಿಯ ಸಿಟ್ಟು ಅವರಿಂದಲೇ ಬಂದದ್ದು ಎಂದು ಅವ್ವ ಅನ್ನುತ್ತಿದ್ದಳು.

ಬಸ್ ಸ್ಟ್ಯಾಂಡಿನ ಹತ್ತಿರ ಸೂಜಿ ಹಾಕುವವನು ಇನ್ನೊಬ್ಬನಿದ್ದ. ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತಿದವನಲ್ಲ, ಆದರೆ ಬಾಯಿ ಸಿಹಿ. ಸೂಜಿಯನ್ನು ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿದರೆ ಅವನ ಶುದ್ಧಿ ಮುಗಿಯಿತು. ಅಲ್ಲಿ ಯಾರೂ ಕಾಯಬೇಕಿರಲಿಲ್ಲ.

ಮೇಲಿಂದ ಮೇಲೆ ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಹಿತ್ತಲ ಬಾವಿ ತಳ ಕಂಡಿತು. ಆಗ ದವಾಖಾನೆಗೆ ನೀರು ತರುತ್ತಿದ್ದವಳು ಅಲ್ಲಿ ಕಸ ಗುಡಿಸಿ ಒರೆಸುತ್ತಿದ್ದ ಹೆಂಗಸು. ಎಕಂಬಾದಲ್ಲಿ ಹುಟ್ಟಿ ನಮ್ಮೂರಿಗೆ ಮದುವೆಯಾಗಿ ಬಂದವಳು. ಮನೆಮನೆಯಲ್ಲೂ ಬುದ್ಧನ ಫೋಟೋ ಇರುವ ದಲಿತರ ಓಣಿ ಅವಳದು. ಊರಾಚೆಯ ಹೊಲದ ಬಾವಿಯಿಂದ ತಲೆಯ ಮೇಲೊಂದು, ಬಗಲಲ್ಲೊಂದು ಕೊಡ ಹೊತ್ತು ಬೆಳಗಿನಲ್ಲೇ ಬಂದುಬಿಡುತ್ತಿದ್ದಳು. ಒಂದು ಹನಿ ತುಳುಕಿದರೂ ತನ್ನ ಕಾಲಿಗೆ ತಾನೇ ಬೈದುಕೊಳ್ಳುತ್ತಿದ್ದಳು. ಅಷ್ಟು ಕಷ್ಟದ ನೀರನ್ನು ಅಪ್ಪ ಕುದಿಸಿ ಚೆಲ್ಲುವುದನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅವಳಿಗೆ ಒಗ್ಗಿಹೋಗಿದೆ ಎಂದುಕೊಂಡಿದ್ದೆವು. ಅಪ್ಪ ಬಸವಣ್ಣನ ದಾರಿಯವರು, ಯಾರಾದರೂ ಜಾತಿಯ ಮಾತೆತ್ತಿದರೆ ಸಿಡಿದೇಳುವವರು. ಅವಳಿಗೆ ನಮ್ಮ ಕಪ್ಪಿನಲ್ಲೇ ಚಹಾ, ನಮ್ಮ ಪಡಸಾಲೆಯಲ್ಲೇ ಊಟ. ಇದಕ್ಕಿಂತ ಹೆಚ್ಚು ಹೇಳುವುದೇನಿದೆ ಎಂಬ ನೆಮ್ಮದಿಯಲ್ಲಿ ನಾವಿದ್ದೆವು.

ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯುವವರನ್ನು ಮಹಾರಾಷ್ಟ್ರಕ್ಕೆ ಒಯ್ಯುವ ಟ್ರಕ್ಕುಗಳು ಬರುತ್ತಿದ್ದವು. ಹೊರಡುವ ಮುಂಚೆ ಒಂದು ತಾಕತ್ತಿನ ಸೂಜಿ ಹಾಕಿಸಿಕೊಳ್ಳುವುದು ನಮ್ಮ ಕಡೆ ರೂಢಿಯೇ ಆಗಿತ್ತು. ದೇವರಿಗೆ ಕಾಯಿ ಒಡೆದಷ್ಟೇ ಭಕ್ತಿಯಿಂದ ತೋಳು ಮುಂದೆ ಮಾಡುತ್ತಿದ್ದರು. ಅದಿಲ್ಲದೆ ಹೋದರೆ ಅರ್ಧ ಹಂಗಾಮಿಗೇ ಮೈ ಬೀಳುತ್ತದೆ ಎಂದು ನಂಬಿಕೆ. ಅದರಲ್ಲಿ ಏನೂ ಇಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಗುಳಿಗೆ ಕೊಟ್ಟು ಕಳಿಸಲು ನೋಡುತ್ತಿದ್ದರು, ತೀರಾ ಹಟ ಹಿಡಿದವರಿಗೆ ಮಾತ್ರ ವಿಟಮಿನ್ ಸೂಜಿ ಹಾಕುತ್ತಿದ್ದರು.

ಆ ವರ್ಷ ಅವಳೂ ಹೊರಟಳು. ಕಬ್ಬಿನ ಕೆಲಸಕ್ಕೆ ಒಂಟಿ ಆಳನ್ನು ತೆಗೆದುಕೊಳ್ಳುವುದಿಲ್ಲ, ಗಂಡಹೆಂಡತಿ ಜೋಡಿಯೇ ಆಗಬೇಕು. ಒಬ್ಬರು ಕಡಿದರೆ ಇನ್ನೊಬ್ಬರು ಕಟ್ಟಿ ಹೊರಬೇಕು. ಕೂಲಿಯಾಳು ಒದಗಿಸುವ ಭಾಲ್ಕಿ ಕಡೆಯ ಮುಕಾದಮನೊಬ್ಬ ಜೋಡಿಗಳನ್ನು ಆರಿಸಿಕೊಂಡು ಹೋಗುತ್ತಿದ್ದ. ಹೊರಡುವ ದಿನವೂ ಅವಳು ನೀರು ತಂದಳು. ಕೊಡ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ತನಗೂ ಒಂದು ಸೂಜಿ ಹಾಕಿರಿ ಎಂದಳು. ಆಗಷ್ಟೇ ಡಬ್ಬಿಗೆ ಅವಳದೇ ನೀರು ಹಾಕಿ ಸ್ಟೋವ್ ಹಚ್ಚಿದ್ದರು. ಅಪ್ಪ ಅರ್ಧ ಗಂಟೆ ಕೂಡು ಎಂದರು. ಟ್ರಕ್ ನಿಂತಿದೆ, ಮುಕಾದಮ ಬೈತಾನೆ ಎಂದಳು. ಹಾಗಾದರೆ ಹೋಗು, ನಿನಗದರ ಜರೂರತ್ತಿಲ್ಲ ಎಂದರು ಅಪ್ಪ, ತಲೆ ಎತ್ತದೆ. ಅವಳು ಸ್ವಲ್ಪ ಹೊತ್ತು ಸ್ಟೋವನ್ನೇ ನೋಡುತ್ತ ನಿಂತಿದ್ದಳು. ಮತ್ತೆ ನೋಡಿದಾಗ ಬಾಗಿಲಲ್ಲಿ ಇರಲಿಲ್ಲ.

ನೆಟ್ಟಗೆ ಬಸ್ ಸ್ಟ್ಯಾಂಡಿನವನ ಹತ್ತಿರ ಹೋಗಿದ್ದಳು. ಟ್ರಕ್ಕಿನವರು ಸಾಲಾಗಿ ಅಲ್ಲಿ ನಿಂತಿದ್ದರು, ಒಂದೇ ಸೂಜಿ ಎಲ್ಲರ ತೋಳಿಗೂ ಇಳಿದು ಏರುತ್ತಿತ್ತು.

ಸಂಕ್ರಾಂತಿಗೆ ಮೊದಲೇ ಗಂಡ ಅವಳನ್ನು ಕರೆದುಕೊಂಡು ಬಂದ. ಸೂಜಿ ಚುಚ್ಚಿಸಿಕೊಂಡ ಬಲತೋಳು ಮೊಣಕೈಯವರೆಗೆ ಬಾತು ಕೀವು ತುಂಬಿತ್ತು, ಮೈ ಕೆಂಡವಾಗಿತ್ತು. ಕಬ್ಬಿನ ಗದ್ದೆಯಲ್ಲಿ ಅರಿಶಿನ ಮೆತ್ತಿ, ನೋವು ನುಂಗಿಕೊಂಡು ಕೆಲಸ ಮಾಡಿದ್ದಳಂತೆ. ಅಪ್ಪ ಕೊಯ್ದು ಕೀವು ತೆಗೆದರು, ಆಮೇಲೆ ತಾವೇ ಜೀಪು ಹಿಡಿದು ಬೀದರಿನ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಕೈ ಮಾತ್ರ ಮಡಚಿದ್ದು ಮಡಚಿದಂತೆಯೇ ಉಳಿಯಿತು. ಅವಳ ಗಂಡ ಜೋಡಿಯಿಲ್ಲದವನಾದ. ಕಬ್ಬಿನ ದಾರಿ ಮುಚ್ಚಿತು, ಅವನೊಬ್ಬನೇ ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋದ. ಅವಳು ಎರಡು ಕೊಡ ಹೊರುವುದಿರಲಿ, ಒಂದು ರೊಟ್ಟಿ ಬಡಿಯುವುದೂ ಆಗದೆ ಕುಳಿತಳು.

ಅವಳು ಗಾಯದ ಪಟ್ಟಿ ಬದಲಿಸಿಕೊಳ್ಳಲು ಬಂದ ಒಂದು ಮಧ್ಯಾಹ್ನ ನಾನೂ ಅಲ್ಲಿದ್ದೆ. ಅಷ್ಟು ದಿನ ತಡೆದುಕೊಂಡ ಅಪ್ಪನ ಸಿಟ್ಟು ಅಂದು ಕಟ್ಟೆಯೊಡೆಯಿತು.

"ನೀರು ತಂದಾಕಿ ನೀ. ಕುದಿಸೋದು ದಿನಾ ನೋಡಿದಾಕಿ ನೀ. ಆದ್ರೂ ಅಂಥಾ ಸೂಜಿ ಹ್ಯಾಂಗ ಚುಚ್ಚಿಸಿಕೊಂಡಿ?"

ಅಪ್ಪ ಬಿಡಲಿಲ್ಲ, ಎರಡನೇ ಸಲ ಕೇಳಿದರು. ಆಗ ಅವಳು ನೆಲ ನೋಡುತ್ತ ಹೇಳಿದಳು.

"ನಾ ತಂದ ನೀರಂತ ಕುದಸ್ತೀರಿ ಅಂತ ತಿಳಕೊಂಡಿದ್ನಿರಿ. ನಮ್ಮ ತವರೂರಾಗ ನಾವು ಮುಟ್ಟಿದ್ದಕ್ಕ ದೊಡ್ಡ ಜಾತಿ ಮಂದಿ ಬೆಂಕಿ ತೋರಿಸಿ ಒಳಗ ತಗೋತಿದ್ರು. ನೀವು ಬಾಯಿಲೆ ಏನೂ ಅಂತಿದ್ದಿಲ್ಲ, ಅಷ್ಟು ಚಲೋ ಅಂತ ಸುಮ್ಮನಿದ್ನಿ. ಮಂದಿಗಿ ಕುದಿಸಿದ್ರಿ, ಆಯ್ತು. ಆದ್ರ ನಾ ತಂದ ನೀರು ನನಗೂ ಯಾಕ ಕುದಸ್ತಾರಂತ ಅವತ್ತು ಸಿಟ್ಟು ಬಂತ್ರಿ."

ಅಪ್ಪನ ಕೈಯಲ್ಲಿದ್ದ ಪಟ್ಟಿ ಅರ್ಧಕ್ಕೇ ನಿಂತಿತು. ಒಳಬಾಗಿಲಲ್ಲಿ ನಿಂತ ಅವ್ವ ಸೆರಗು ಬಾಯಿಗೆ ಹಿಡಿದಳು. ಅವಳು ತಪ್ಪು ತಿಳಿದಳು ಎಂದು ಹೇಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಹುಟ್ಟಿದಾಗಿನಿಂದ ಊರು ಅವಳಿಗೆ ಕಲಿಸಿದ ಅರ್ಥ ಅದೊಂದೇ. ಅದನ್ನು ಅಳಿಸುವ ಮಾತು ನಮ್ಮ ಮನೆಯಲ್ಲಿತ್ತು, ಆದರೆ ಮಾತಾಡಿದರೆ ಡಾಕ್ಟರಿಕೆಯ ತೂಕ ಇಳಿಯುತ್ತದೆ ಎಂದು ಹೆದರಿದ ಮನೆ ನಮ್ಮದು. ಅಪ್ಪನ ಸೂಜಿಯಿಂದ ಯಾರಿಗೂ ಎಂದೂ ಕೀವಾಗಲಿಲ್ಲ. ಈಗ ಅದನ್ನು ಯಾರಾದರೂ ಹೊಗಳಿದರೆ ನಾನು ಬೇರೆ ಮಾತು ತೆಗೆಯುತ್ತೇನೆ.

ಅಪ್ಪ ಸ್ಟೂಲು ಎಳೆದು ಅವಳೆದುರು ಕುಳಿತರು. ರೋಗಿಯ ಎದುರು ಅವರು ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ.

"ಒಬ್ಬರ ರಕ್ತದಾಗಿನ ಹುಳ ಸೂಜಿಗಿ ಹತ್ತಿರ್ತಾವವ್ವ, ಕಣ್ಣಿಗಿ ಕಾಣಂಗಿಲ್ಲ. ಅವು ಇನ್ನೊಬ್ಬರ ಮೈಯಾಗ ಹೋಗಬಾರ್ದಂತ ಕುದಸ್ತೇನಿ. ನನ್ನ ಮಗಳಿಗಾದ್ರೂ ಹಂಗೇ. ನಿನ್ನ ನೀರಿಗಲ್ಲ."

ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡಳು.

"ಇಷ್ಟು ಅವತ್ತು ಅಂದಿದ್ರ," ಎಂದಳು, "ಟ್ರಕ್ ಹೋದ್ರ ಹೋಗ್ಲಿ ಅಂತ ಕುಂದರ್ತಿದ್ನಿರಿ."