ಅರಿಶಿನ ಕೆಂಪಾದ ಗೋಡೆ

ಹೇವರ್ಡ್‌ನ ನಮ್ಮ ಮನೆಯಿಂದ ಸ್ಪ್ಯಾನಿಷರ ಕಾಲದ ಆ ಪುಟ್ಟ ಚರ್ಚು, ಚಾಪೆಲ್, ದೂರವೇನಿಲ್ಲ. ಭಾನುವಾರ ನಾನಲ್ಲಿ ಸಂಬಳವಿಲ್ಲದ ಗೈಡು. ಮುಂಭಾಗದಲ್ಲಿ ಬರೋಕ್ ವೈಭವವೋ ವೈಭವ: ತಿರುಚಿದ ಕಂಬ, ಬಳ್ಳಿ, ಚಿಪ್ಪು, ಒಳಗೆ ಚಿನ್ನದ ರೇಕಿನ ಪೂಜಾಪೀಠ, ಆಲ್ಟರು. ಉಳಿದದ್ದೆಲ್ಲ ಬರೀ ಹಸಿ ಇಟ್ಟಿಗೆ, ಧಾರವಾಡದ ನಮ್ಮಜ್ಜನ ಮನೆ ಗೋಡೆಯಷ್ಟೇ ದಪ್ಪ. ಪಾದ್ರಿಗಳು ಕಟ್ಟಿದರು ಅನ್ನುತ್ತಾರೆ. ಸುಳ್ಳು! ಮಣ್ಣು ತುಳಿದವರು, ಇಟ್ಟಿಗೆ ಹೊತ್ತವರು ಈ ನೆಲದ ಮೂಲನಿವಾಸಿಗಳು. ಬಾಗಿಲ ಪಕ್ಕದ ಗಾರೆಯಲ್ಲಿ ಒಂದು ಅಂಗೈ ಗುರುತಿದೆ. ಅದು ಅವರದೇ ಎಂದು ನನಗೆ ಹೇಳಿಕೊಟ್ಟಿದ್ದರು, ನಾನೂ ಹೇಳುತ್ತಿದ್ದೆ. ಆ ಜನರ ವಂಶದ ಅಜ್ಜಿಯೊಬ್ಬಳು ಆಗಾಗ ಬಂದು, ಅದರಲ್ಲಿ ತನ್ನ ಕೈಯಿಟ್ಟು ಕಣ್ಣುಮುಚ್ಚಿ ನಿಲ್ಲುತ್ತಿದ್ದಳು.

ಒಮ್ಮೆ ಪಕ್ಕದೂರು ಪ್ಲೆಸೆಂಟನ್‌ನಲ್ಲಿ ಗೆಳತಿಯ ಮಗಳಿಗೆ ಮದುವೆಯ ಅರಿಶಿನ ಹಚ್ಚಿ ಹಾಗೇ ಬಂದಿದ್ದೆ. ಕೈಯಲ್ಲಿನ್ನೂ ಪಸೆಯಿತ್ತು. ಗೋಡೆ ಮುಟ್ಟಿದೆ, ಹಳದಿ ಕಲೆ ನೋಡನೋಡುತ್ತಲೇ ರಕ್ತಗೆಂಪಾಯಿತು. ಆರತಿಗೆ ಅರಿಶಿನ-ಸುಣ್ಣದ ಓಕುಳಿ ಕಲಸಿದವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಳೇ ಸುಣ್ಣಕ್ಕೆ ಅರಿಶಿನ ಹೀಗೆ ಕೆಂಪಾಗದು, ಇದು ಹೊಸ ಸುಣ್ಣ.

ಚಾಪೆಲ್‌ನ ಮ್ಯಾನೇಜರನನ್ನು ಕೇಳಿದೆ. ನಾನು ಸೇರುವ ತುಸು ಮುಂಚೆ ಮಳೆಗೆ ಹಳೇ ಗಾರೆ ಬಿದ್ದುಹೋಗಿ, ಹೊಸದು ಮೆತ್ತಿದ ಕಂಟ್ರಾಕ್ಟರು ಚೆಂದಕ್ಕೆಂದು ತನ್ನ ಅಂಗೈ ಒತ್ತಿದ್ದನಂತೆ.

"ಬಂದವರಿಗೆ ನೋಡೋಕೆ ಏನಾದರೂ ಬೇಕಲ್ಲ? ಹೇಳಿಕೊಟ್ಟದ್ದನ್ನು ಹೇಳಿ, ಇಲ್ಲಾ ಬ್ಯಾಡ್ಜು ಕೊಟ್ಟುಹೋಗಿ," ಎಂದ.

"ನಿನಗ್ಯಾಕ ಬೇಕ ಊರ ಉಸಾಬರಿ? ಸುಮ್ಮನ ಟೂರು ಮುಗಿಸಿ ಬಾ," ಅಂದರು ಮನೆಯಲ್ಲಿ ನನ್ನ ಗಂಡ.

"ಉಸಾಬರಿ ಅಲ್ಲರೀ! ಆ ಅಜ್ಜಿ ಕೈಯಿಡೋದು ನನ್ನ ಮಾತು ನಂಬಿ."

ಮುಂದಿನ ಭಾನುವಾರ ಅಜ್ಜಿ ಬಂದಳು. ಟೂರಿನವರ ಎದುರಿಗೇ, ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದಾಗಲೇ ಹೇಳಿದೆ: "ಈ ಕೈ ನಿಮ್ಮವರದಲ್ಲ, ಗಾರೆ ಮೆತ್ತಿದ ಕಂಟ್ರಾಕ್ಟರನದು. ನನಗೂ ಗೊತ್ತಿರಲಿಲ್ಲ."

ಕಾದ ಹಂಚು ಮುಟ್ಟಿದವಳಂತೆ ಅವಳು ಕೈ ತೆಗೆದಳು. ಆದರೂ ಆಡಿದ ಮಾತನ್ನು ನುಂಗಲಿಲ್ಲ.

"ಹಾಗಾದರೆ ನಮ್ಮವರದೆಲ್ಲಿ?" ಎಂದಳು.

ಆಲ್ಟರಿನ ಹಿಂದೆ ಯಾರೂ ಹೋಗಬಾರದೆಂದು ಹಗ್ಗ ಕಟ್ಟಿದ್ದಾರೆ. ಅದನ್ನು ಬಿಚ್ಚಿ ಅವಳನ್ನು ಒಳಗೆ ಕರೆದೊಯ್ದೆ. ಅಲ್ಲಿ ಗಾರೆಯೇ ಇಲ್ಲ, ಇಟ್ಟಿಗೆ ಕಾಣುತ್ತದೆ. ಮಣ್ಣು ಹಸಿಯಿದ್ದಾಗ ಇಟ್ಟಿಗೆ ಮಾಡಿದವರಾರೋ ಎಳೆದ ಬೆರಳುಗಳ ಗೀರು. ನೋಡಲು ಚೆಂದವೇನಿಲ್ಲ. ಅಜ್ಜಿ ಆ ಗೀರುಗಳಲ್ಲಿ ಒಂದೊಂದೇ ಬೆರಳಿಟ್ಟಳು.

"ಬ್ಯಾಡ್ಜು," ಎಂದು ಮ್ಯಾನೇಜರು ಕೈಚಾಚಿದ. ಕಿತ್ತು ಕೊಟ್ಟೆ.

"ಹಗ್ಗ?"

"ಅವರದು ಮುಗಿಯಲಿ," ಎಂದು ಅದನ್ನು ಹಿಡಿದೇ ನಿಂತೆ.