ಹನ್ನೆರಡನೇ ತಿಂಗಳ ಗೊನೆ

ನಾಗರತ್ನಾ ಸಿಟ್ಟು ಬಂದರೆ ಕೂಗಾಡುವವಳಲ್ಲ. ಊಟದ ಡಬ್ಬಿಯ ಪಕ್ಕದಲ್ಲೇ ಅದನ್ನೂ ಚೀಲಕ್ಕೆ ಹಾಕಿಕೊಂಡು ಕಮಲಾಪುರದಲ್ಲಿ ಬಸ್ಸು ಹತ್ತಿ, ಕಲಬುರಗಿಯಲ್ಲಿ ಇಳಿದು ಕೆಲಸಕ್ಕೆ ಕೂರುವವಳು. ಶಹಾಬಜಾರದ ಇಮಾಮುದ್ದೀನರ ಝೆರಾಕ್ಸ್ ಅಂಗಡಿಯಲ್ಲಿ ಏಳು ವರ್ಷದಿಂದ ಊರಿನವರ ಪ್ರಬಂಧಗಳನ್ನೆಲ್ಲ ಟೈಪ್ ಮಾಡುತ್ತಿದ್ದಳು. ಒಂದರ ಮೇಲೂ ಅವಳ ಹೆಸರಿರಲಿಲ್ಲ, ಇರಬೇಕೆಂದು ಅವಳು ಬಯಸಿದವಳೂ ಅಲ್ಲ. ಆಟದ ವಿಷಯ ಮಾತ್ರ ಬೇರೆ.

'ಕೆಂಗೋಟೆ' ಎಂಬ ಐದು ಸಂಪುಟಗಳ ಮಾಯಾಲೋಕದ ಕಾದಂಬರಿಯನ್ನು ಅವಳಿಗೆ ಓದಲು ಕೊಟ್ಟವನು ಪವಮಾನ. ಶರಣಬಸವೇಶ್ವರ ಗುಡಿಯ ಹತ್ತಿರ ಟ್ಯೂಷನ್ ಹೇಳುತ್ತಿದ್ದ ಅವನೇ ಆ ಕಾದಂಬರಿಯ ಓದುಗರ ಟೆಲಿಗ್ರಾಂ ಗುಂಪಿನ ಅಡ್ಮಿನ್. ಆ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಬರೆಯುತ್ತ ಬರೆಯುತ್ತ ಕೆಂಗೋಟೆಯನ್ನು ಆಳುವ ಆಟ ನಡೆಸಬೇಕೆಂಬುದು ನಾಗರತ್ನಾಳ ಯೋಚನೆ. ಎಂಟು ತಿಂಗಳು ಬಸ್ಸಿನಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ನಕ್ಷೆ, ಕುಲಗಳು, ಯುದ್ಧದ ನಿಯಮ ಎಲ್ಲವನ್ನೂ ಬರೆದಳು. ಆಟದ ಒಂದು ತಿಂಗಳೆಂದರೆ ಹೊರಗಿನ ಒಂದು ವಾರ.

"ಓದಿ ಕೊಡ್ತೀನಿ" ಎಂದು ಪವಮಾನ ನೋಟ್‌ಬುಕ್ ಒಯ್ದ. ಹದಿನೈದು ದಿನಕ್ಕೆ ಆಟ ಶುರುವಾಯಿತು. ಗುಂಪಿನ ನೆತ್ತಿಯ ಮೇಲೆ 'ಯೋಜನೆ, ನಿಯಮಾವಳಿ: ಪವಮಾನ' ಎಂದಿತ್ತು. ನಾಗರತ್ನಾಳಿಗೆ ಸಿಕ್ಕ ಪಾತ್ರ ಅರಮನೆಗೆ ನೀರು ಹೊರುವವಳದು.

ಪವಮಾನ ಅಂಗಡಿಗೆ ಬಂದಾಗ ಕೇಳಿದಳು. "ಸರ್, ನನ್ನ ಹೆಸರು?"

"ನೀ ಬರದಿದ್ದು ಛಲೋ ಇತ್ತವಾ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಝೆರಾಕ್ಸ್ ಅಂಗಡ್ಯಾಕಿ ಮಾಡ್ಯಾಳಂದ್ರ ಮಂದಿ ಆಡಾಕ ಬರ್ತಾರೇನು?"

ಅವಳು ಅವನ ಕಾಗದಗಳಿಗೆ ಪಿನ್ ಹೊಡೆದು ಕೊಟ್ಟಳು.

ಅವನು ಹೋದ ಮೇಲೆ ಇಮಾಮುದ್ದೀನ್ ಹೇಳಿದರು. "ಗುಂಪಿನ್ಯಾಗ ಹೇಳಿಬಿಡು ಬೇಟಿ. ನಿನ್ನ ನೋಟ್‌ಬುಕ್ ನಾ ನೋಡೀನಿ. ಸಾಕ್ಷಿ-ಗವಾಹಿ ನಾ ಕೊಡ್ತೀನಿ."

"ಬ್ಯಾಡ್ರಿ ಚಾಚಾ. ಹೇಳಿದ್ರ ಅಯ್ಯೋ ಪಾಪ ಅಂತಾರ. ನನಗ ಅದು ಬ್ಯಾಡ. ಅವರು ಕುಂತ ಜಾಗಾ ಬೇಕು."

ಆ ಜಾಗಕ್ಕೆ ದಾರಿ ಅವಳ ನಿಯಮದಲ್ಲೇ ಇತ್ತು. ಆಟದ ಮೊದಲ ದಿನ ಅರಮನೆಯ ತೋಟದಲ್ಲಿ ಕೆಂಪು ಬಾಳೆ ನೆಡಬೇಕು. ಬಲಿತ ಗೊನೆ ಕಡಿದವನಿಗೆ ಪಟ್ಟ. ಎಳೆ ಗೊನೆ ಕಡಿದರೆ ಅವನ ಸಕಲ ಅಧಿಕಾರ, ಗುಂಪಿನ ಅಡ್ಮಿನ್‌ಗಿರಿ ಸಹಿತ, ತಪ್ಪು ತೋರಿಸಿದವರಿಗೆ. ಎಷ್ಟು ತಿಂಗಳಿಗೆ ಬಲಿಯುತ್ತದೆ ಎಂದು ಅವಳು ಬರೆದಿರಲಿಲ್ಲ. ಕೆಂಪು ಬಾಳೆಗೇ ಹೆಸರಾದ ಕಮಲಾಪುರದಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಒಮ್ಮೆ ಪವಮಾನನೇ ಕೇಳಿದ್ದ. "ಬಾಳಿ ವರ್ಷಕ್ಕ ಬರ್ತದಲ್ಲ?"

"ನಿಯಮ ನೀವಽ ಬರದೀರಲ್ಲಾ ಸರ್. ನಿಮಗ ಗೊತ್ತಿರ್ತದ."

ಅವನು ನಕ್ಕು ಹೋದ. ಅವಳು ಕಾದಳು. ದಿನಾ ಒಂದೇ ಸಾಲು ಬರೆದಳು: 'ಹನ್ನೆರಡು ಕೊಡ ನೀರು ತಂದು ಹಾಕಿದೆ.' ಉತ್ತರದ ಸೇನಾಪತಿಯಾಗಿ ಆಡುತ್ತಿದ್ದ ನೂರಜಹಾನ್ ಎಂಬ ಟೀಚರ್ 'ಏನ್ ನೀರವ್ವಾ, ಸೊಂಟ ಹಿಡೀಲಿಲ್ಲೇನು?' ಎಂದು ಕಾಲೆಳೆದರೂ ಮರುದಿನ ಮತ್ತೆ ಅದೇ ಸಾಲು ಬರೆದಳು.

ಹನ್ನೆರಡನೇ ವಾರದ ಭಾನುವಾರ ಪವಮಾನ ಗೊನೆ ಕಡಿದ. ವಂದಿಮಾಗಧರು, ಆನೆ, ಕಹಳೆ ಎಲ್ಲ ಕೂಡಿಸಿ ಎರಡು ಪುಟ ಬರೆದು ಸಿಂಹಾಸನ ಏರಿದ. ಆ ಹೊತ್ತಿಗೆ ನಾಗರತ್ನಾ ಅಪ್ಪ ಕಲ್ಯಾಣಪ್ಪನ ತೋಟದಲ್ಲಿ ನಿಂತಿದ್ದಳು. ಫೋನನ್ನು ಅಪ್ಪನ ಬಾಯಿಯ ಹತ್ತಿರ ಹಿಡಿದು ಕೇಳಿದಳು. "ಅಪ್ಪಾ, ಒಬ್ಬರು ಹನ್ನೆರಡು ತಿಂಗಳಿಗೆ ಕೆಂಪು ಬಾಳಿ ಗೊನಿ ಕಡದಾರ."

"ಯಾವ ಮಂಗ್ಯಾ ಅಂವಾ? ಹನ್ನೆರಡಕ್ಕ ಹೂವು ಹೊರಗ ಬಂದ್ರ ದೊಡ್ಡದು. ಹದಿನೆಂಟು ಬೇಕು. ಅವನ್ನ ಕರ್ಕೊಂಡ್ ಬಾ, ಒಂದಿನ ಕುದ್ದಲಿ ಹಿಡೀಲಿ."

ಆ ಧ್ವನಿಯನ್ನು ಹಾಗೇ ಗುಂಪಿಗೆ ಹಾಕಿದಳು. ಕೆಳಗೆ ಎಳೆ ಗೊನೆಯ ನಿಯಮದ ಸಾಲು. ಇನ್ನೂರು ಜನ ಕಲ್ಯಾಣಪ್ಪನ ಮಾತು ಕೇಳಿದರು. ಕೆಲವರು ಎರಡೆರಡು ಸಲ.

'ಇದು ಆಟ. ತೋಟಗಾರಿಕೆ ಇಲಾಖೆ ಅಲ್ಲ' ಎಂದು ಪವಮಾನ ಬರೆದ.

'ನಿಯಮ ನಿಮ್ಮದಽ ಸರ್. ಮ್ಯಾಲೆ ನಿಮ್ಮ ಹೆಸರದ' ಎಂದು ನೂರಜಹಾನ್ ಬರೆದಳು.

ನಿಯಮ ತನ್ನದಲ್ಲವೆಂದರೆ ಕದ್ದದ್ದು ಹೊರಬೀಳುತ್ತಿತ್ತು, ತನ್ನದೆಂದರೆ ಪಟ್ಟ ಹೋಗುತ್ತಿತ್ತು. ಸಂಜೆ ಅವನು ಅಧಿಕಾರ ಬಿಟ್ಟುಕೊಟ್ಟ.

ನಾಗರತ್ನಾ ಮೊದಲು ನೆತ್ತಿಯ ಮೇಲಿನ ಹೆಸರು ಬದಲಿಸಿದಳು: 'ನಾಗರತ್ನಾ ಕಲ್ಯಾಣಪ್ಪ, ಕಮಲಾಪುರ.' ಆಮೇಲೆ ಪವಮಾನನಿಗೆ ಪಾತ್ರ ಕೊಟ್ಟಳು. ನೀರು ಹೊರುವವನು.

ಗುಂಪು ಬಿಟ್ಟು ಹೋಗುತ್ತಾನೆಂದು ಎಲ್ಲರೂ ಅಂದುಕೊಂಡರು. ಆದರೆ ಐದೂ ಸಂಪುಟಗಳನ್ನು ನಾಲ್ಕು ನಾಲ್ಕು ಸಲ ಓದಿದವನು ಕೆಂಗೋಟೆ ಬಿಟ್ಟು ಎಲ್ಲಿಗೆ ಹೋಗಬೇಕು. ಮೂರನೇ ದಿನ ಬರೆದ: 'ಹನ್ನೆರಡು ಕೊಡ ನೀರು ತಂದು ಹಾಕಿದೆ.'

ಅಂಗಡಿಯಲ್ಲಿ ಇಮಾಮುದ್ದೀನ್ ಕನ್ನಡಕ ಏರಿಸಿ ಅದನ್ನು ಓದಿದರು. "ಬಗ್ಯಾನ ನೋಡು. ಇನ್ನ ಮಾಫ್ ಮಾಡಿಬಿಡು ಬೇಟಿ. ಮೊದಲ ಪುಸ್ತಕ ಅಂವನಽ ಕೊಟ್ಟಾನಲ್ಲಾ."

"ಹೌದ್ರಿ ಚಾಚಾ, ಅವರಽ ಕೊಟ್ಟಿದ್ದು." ಅವಳು ಪರದೆಯ ಮೇಲೆ ಅರಮನೆಯ ತೋಟದ ಪುಟ ತೆರೆದಳು. "ಕಡದ ಗಿಡದ ಬುಡಕ್ಕ ಹೊಸಾ ಮರಿ ಎದ್ದದ. ಅದು ಗೊನಿ ಬಿಡೂ ತನಕ ಹೊರಲಿ."

ಆಮೇಲೆ ಅರಮನೆಯ ಆಜ್ಞೆ ಟೈಪ್ ಮಾಡಿದಳು: 'ಹನ್ನೆರಡು ಸಾಲದು. ನಾಳೆಯಿಂದ ಹದಿನೆಂಟು.'